ಸಂಕಮ್ಮನ ಸಾಲು

ಮಾನವಶಕ್ತಿಯನ್ನು ಮೀರಿದ ವೀರನು ದುಷ್ಟರನ್ನು ದಂಡಿಸುವ ಚಲನಚಿತ್ರಗಳನ್ನು ನೋಡದವರು ಇಂದು ವಿರಳ. 2008ರಲ್ಲಿ ತೆರೆಕಂಡ ‘ದಿ ಡಾರ್ಕ್ ನೈಟ್’ ಚಿತ್ರದ ನಾಯಕ ಬ್ಯಾಟ್‌ಮನ್, ಪಾತಕಿಯೊಬ್ಬನನ್ನು ಹಿಡಿಯಲೆಂದು ಊರಿನ ಸಮಸ್ತರ ದೂರವಾಣಿಗಳಿಗೂ ಕಳ್ಳಗಿವಿಗೊಡುತ್ತಾನೆ. ಇದು ಧರ್ಮವೋ ಅಧರ್ಮವೋ? ಈ ಪ್ರಶ್ನೆಯು ಚಿತ್ರಗಳೊಡನೆ ಹುಟ್ಟಿತೆಂದು ತಿಳಿಯುವವರು ಕೊಳ್ಳೇಗಾಲ ಸೀಮೆಯ ಕಂಸಾಳೆಯವರ ಹಾಡನ್ನು ಕೇಳಿರಲಾರರು.

ಇಂದಿನ ಹನೂರು ತಾಲ್ಲೂಕಿನ ಬೆಟ್ಟದಲ್ಲಿ ನೆಲೆಸಿರುವ ಮಲೆಯ ಮಾದೇಶ್ವರನ ಮಹಿಮೆಯನ್ನು ಇವರು ಕಂಚಿನ ತಾಳಗಳನ್ನು ನುಡಿಸುತ್ತ ಹಾಡುವರು. ಶ್ರವಣನೆಂಬ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟಿದ್ದನು. ಮಾದೇಶ್ವರನು ಅವನೊಡನೆ ನೇರವಾಗಿ ಕಾದಲಿಲ್ಲ. ಹರಳಯ್ಯನಿಂದ ಅರಗಿನ ಪಾದರಕ್ಷೆಗಳನ್ನು ಮಾಡಿಸಿದನು. ನಂಬಿ ಮೆಟ್ಟಿದ ದೊರೆ ಉರಿದುಹೋದನು. ಸತ್ತವನು ಕ್ರೂರಿ, ನಿಜ. ಕೊಂದದ್ದು ಮಾತ್ರ ಕಪಟ. ಹಾಡುಗಾರರು ಅದನ್ನು ಮರೆಮಾಚುವುದಿಲ್ಲ. ನೆರೆಯ ಯಳಂದೂರು ತಾಲ್ಲೂಕಿನ ಬಿಳಿಗಿರಿಯ ಸೋಲಿಗರಾದರೂ ತಮ್ಮ ಕುಲದ ಕುಸುಮಾಲೆಯನ್ನು ವರಿಸಿದ ರಂಗನಾಥನನ್ನು ಸಲುಗೆಯಿಂದ ‘ರಂಗಭಾವ’ನೆಂದೇ ಕರೆಯುವರು! ದೇವರನ್ನು ನಮ್ಮ ಜನಪದರು ಇಷ್ಟು ಹತ್ತಿರದಿಂದ ನೋಡಬಲ್ಲರು.

ಸಂಕಮ್ಮನ ಕಥೆಯಂತೂ ಇನ್ನೂ ಆಳವಾದುದು. ಗಂಡ ನೀಲಯ್ಯನು ಜೇನು ತರಲು ಕಾಡಿಗೆ ಹೊರಟಾಗ, ತಾನು ಹಿಂದಿರುಗುವವರೆಗೆ ಶೀಲವನ್ನು ಕಾಯುವೆನೆಂದು ಬಲಗೈಯಿಟ್ಟು ಭಾಷೆ ಕೊಡೆಂದು ಹೆಂಡತಿಯನ್ನು ಪೀಡಿಸಿದನು. ಅವಳು ಒಪ್ಪಲಿಲ್ಲ. ಶುದ್ಧಳಾದವಳು ಆಣೆಯಿಡಬೇಕೇಕೆ? ಆ ನಿರಾಕರಣೆಗಾಗಿ ಅವನು ಅವಳನ್ನು ಕಟ್ಟಿಹಾಕಿ, ಹಿಂಸಿಸಿ, ಹೊರಟುಹೋದನು. ಅವಳ ಮೊರೆ ಮಾದೇಶ್ವರನನ್ನು ಮುಟ್ಟಿತು. ಅವನು ಜಂಗಮರೂಪದಲ್ಲಿ ಬಂದು ಕಟ್ಟು ಬಿಡಿಸಿ, ಮಕ್ಕಳ ವರವನ್ನಿತ್ತನು. ಆದರೆ ವರವು ಬರಿಗೈಯ ದಾನವಾಗಿರಲಿಲ್ಲ; ಹುಟ್ಟುವ ಮಕ್ಕಳು ತನ್ನ ಒಕ್ಕಲಾಗಬೇಕೆಂಬ ಬೇಡಿಕೆಯೂ ಅದರೊಡನಿತ್ತು.

ಹಿಂದಿರುಗಿದ ನೀಲಯ್ಯನು ಬಸುರಿಯಾದ ಹೆಂಡತಿಯನ್ನು ಕಂಡನು. ಅವನ ಸಂಶಯಕ್ಕೆ ಈಗ ಕಣ್ಣಿಗೆ ಕಾಣುವ ಕಾರಣವೇ ದೊರಕಿತು. ಆಣೆಯನ್ನೇ ಒಲ್ಲೆನೆಂದ ಹೆಣ್ಣು ಕೊನೆಗೆ ಕಠಿಣವಾದ ದಿವ್ಯಗಳನ್ನು ಹಾಯಬೇಕಾಯಿತು. ಅವಳು ಗೆದ್ದಳು, ದೇವರೂ ಕೈಬಿಡಲಿಲ್ಲ. ಆದರೆ ಆ ಪರೀಕ್ಷೆಯನ್ನು ತಂದೊಡ್ಡಿದ್ದು ಗಂಡನ ಕ್ರೌರ್ಯವೊಂದೇ ಅಲ್ಲ, ದೇವರ ಕರುಣೆಯೂ ಹೌದು. ಬ್ಯಾಟ್‌ಮನ್ನನ ಚಿತ್ರದಲ್ಲಿ ಕದ್ದು ಕೇಳಿಸಿಕೊಂಡವರ ಮಾತು ಯಾರದೆಂದು ನಮಗೆ ತಿಳಿಯುವುದಿಲ್ಲ. ಇಲ್ಲಿ ನೋವುಂಡವಳ ಗೋಳನ್ನು ಹಾಡುಗಾರರು ಸಾವಧಾನವಾಗಿ, ಎಳೆಎಳೆಯಾಗಿ ಕೇಳಿಸುತ್ತಾರೆ.

ಮುಂದೆ ಹುಟ್ಟಿದ ಕಾರಯ್ಯ, ಬಿಲ್ಲಯ್ಯರು ಮಾದೇಶ್ವರನ ಭಕ್ತರೆಂದು ಪ್ರಸಿದ್ಧರಾದರು. ಕಾವ್ಯದ ಈ ಭಾಗವನ್ನು ಜನರು ಅವರ ಹೆಸರಿನಿಂದಲಾಗಲಿ, ವರವಿತ್ತ ದೇವರ ಹೆಸರಿನಿಂದಲಾಗಲಿ ಕರೆಯದೆ, ‘ಸಂಕಮ್ಮನ ಸಾಲು’ ಎಂದೇ ಕರೆಯುತ್ತಾರೆ.