ಮ್ಯಾರಥಾನ್ ನಂತರದ ಮುಂಜಾನೆಯ ಓಟ

42.195 ಕಿಲೋಮೀಟರ್ ದೂರದ ಮ್ಯಾರಥಾನ್ ಮುಗಿಸಿದ ಹವ್ಯಾಸಿ ಓಟಗಾರರಲ್ಲಿ ಅನೇಕರು ವಾರ ಕಳೆಯುವಷ್ಟರಲ್ಲಿ ಮತ್ತೆ ಮುಂಜಾನೆ ಓಡಲು ಹೊರಡುತ್ತಾರೆ. ಕಾಲಿನ ನೋವು ಇಳಿದಿದೆ, ಉಸಿರು ಸರಾಗವಾಗಿದೆ, ಇನ್ನೇಕೆ ತಡ ಎಂದು ನಮಗೆ ತೋರುವುದು ಸಹಜ. ಆದರೆ ನೋವು ಅಡಗಿದ ಮಾತ್ರಕ್ಕೆ ದೇಹ ಚೇತರಿಸಿಕೊಂಡಿತೆಂದು ತಿಳಿಯಲಾಗದು.

ದೀರ್ಘ ಓಟದಲ್ಲಿ ಸ್ನಾಯುತಂತುಗಳು ಸೂಕ್ಷ್ಮವಾಗಿ ಗಾಸಿಗೊಳ್ಳುತ್ತವೆ. ಇದರ ನೋವು ಸಾಮಾನ್ಯವಾಗಿ 1ರಿಂದ 3 ದಿನಗಳವರೆಗೆ ತೀವ್ರವಾಗಿದ್ದು, ಬಳಿಕ ತಗ್ಗುತ್ತದೆ. ಸ್ನಾಯುಗಳಲ್ಲಿ ಬರಿದಾದ ಗ್ಲೈಕೋಜನ್ ಅನ್ನ, ರೊಟ್ಟಿ, ಹಣ್ಣುಗಳ ಸೇವನೆಯಿಂದ ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತದೆ. ತಂತುಗಳ ದುರಸ್ತಿಗೆ ಮಾತ್ರ ವಾರಗಳೇ ಬೇಕಾಗಬಹುದು; ರಕ್ತಪೂರೈಕೆ ಕಡಿಮೆಯಿರುವ ಸ್ನಾಯುರಜ್ಜುಗಳು ಇನ್ನೂ ನಿಧಾನವಾಗಿ ಮಾಗುತ್ತವೆ. ಉತ್ಸಾಹ ಮರಳಿ, ಬಲ ಮರಳದಿರುವ ಈ ಅವಧಿಯಲ್ಲಿ ವೇಗವಾಗಿ ಓಡಿದರೆ ಹಿಮ್ಮಡಿ, ಮೊಣಕಾಲುಗಳಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಓಟವೇ ತಪ್ಪಬಹುದು.

ಆದಕಾರಣ ಮೊದಲ ವಾರ ವಿಶ್ರಾಂತಿ ಹಾಗೂ ಲಘು ನಡಿಗೆಗಳಿಷ್ಟೇ ಸಾಕು. ಎರಡನೆಯ ವಾರ ದಿನ ಬಿಟ್ಟು ದಿನ 20ರಿಂದ 30 ನಿಮಿಷ, ಜೊತೆಗಾರರೊಡನೆ ಏದುಸಿರಿಲ್ಲದೆ ಮಾತನಾಡಬಲ್ಲಷ್ಟು ಮಂದಗತಿಯಲ್ಲಿ, ಸಮತಟ್ಟಾದ ನೆಲದ ಮೇಲೆ ಓಡೋಣ. ಹಾಸಿಗೆ ಬಿಡುವ ಮುನ್ನ ನಾಡಿಯನ್ನು ಎಣಿಸೋಣ. ಎಂದಿಗಿಂತ ಗಣನೀಯವಾಗಿ ಹೆಚ್ಚಿದ್ದರೆ ಅಂದು ಓಟ ಬೇಡ. ಒಂದೇ ಎಡೆಯಲ್ಲಿ ಚುಚ್ಚುವ ನೋವು ಅಥವಾ ಕುಂಟುವಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎದೆನೋವು ಬಂದರೆ, ಇಲ್ಲವೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಿಂಗಳುಗಳ ಅಭ್ಯಾಸದಿಂದ ಗಳಿಸಿದ ಶಕ್ತಿ ಎರಡು ವಾರಗಳ ಬಿಡುವಿನಿಂದ ಕರಗಿಹೋಗದು. ಓಡುವುದರಂತೆ ಕಾಯುವುದೂ ಅಭ್ಯಾಸದ ಒಂದು ಅಂಗವೆಂಬುದನ್ನು ನಾವು ಮರೆಯದಿರೋಣ.