ಕಟ್ಟಡದ ಗಟ್ಟಿತನವೂ ಕಟ್ಟುವವರ ಪ್ರಾಣವೂ

ಗೋಡೆಯು ಗಟ್ಟಿಯಾಗಿರಬೇಕಾದುದು ಯಜಮಾನನ ಚಿಂತೆ, ಕೆಲಸದವನು ಬೀಳದಿರಬೇಕಾದುದು ಮೇಸ್ತ್ರಿಯ ಚಿಂತೆ ಎಂಬ ಭಾವನೆಯು ಮನೆ ಕಟ್ಟಿಸುವ ಗೃಹಸ್ಥರಲ್ಲಿ ಬೇರೂರಿರುವುದು. ಕಾಯಕದ ಹಿರಿಮೆಯನ್ನು ನಿತ್ಯವೂ ಕೊಂಡಾಡುವ ಮನೆಗಳಲ್ಲಿಯೂ ಸಾರುವೆಯ ವೆಚ್ಚವನ್ನು ದಂಡವೆಂದೇ ಎಣಿಸುವುದುಂಟು. ವಿಚಾರಿಸಿ ನೋಡಿದರೆ ಈ ಎರಡು ಚಿಂತೆಗಳು ಬೇರೆಬೇರೆಯಲ್ಲ. ಇದಕ್ಕೆ ೧೯೭೮ರಲ್ಲಿ ಅಮೆರಿಕ ದೇಶದಲ್ಲಿ ನಡೆದ ದುರಂತವೊಂದು ಸಾಕ್ಷಿಯಾಗಿದೆ.

ಅಲ್ಲಿನ ವೆಸ್ಟ್ ವರ್ಜೀನಿಯಾ ಪ್ರಾಂತದ ವಿಲೋ ಐಲೆಂಡ್ ಎಂಬಲ್ಲಿ, ವಿದ್ಯುದಾಗಾರದ ಕಾದ ನೀರನ್ನು ಆರಿಸುವುದಕ್ಕಾಗಿ ಬೃಹತ್ತಾದ ಕಾಂಕ್ರೀಟ್ ಗೋಪುರವೊಂದನ್ನು ಕಟ್ಟುತ್ತಿದ್ದರು. ಐದೈದು ಅಡಿಯ ವರಸೆಗಳು ಬಳೆಯ ಮೇಲೆ ಬಳೆಯಿಟ್ಟಂತೆ ಮೇಲೇರುತ್ತಿದ್ದುವು. ಸಾರುವೆಯಾದರೋ ನೆಲದಿಂದ ಎದ್ದುದಲ್ಲ. ಕೆಳಗಣ ವರಸೆಗಳ ಕಾಂಕ್ರೀಟಿಗೇ ಬೋಲ್ಟುಗಳಿಂದ ಬಿಗಿದುದು. ಆದುದರಿಂದ ನಿನ್ನೆ ಮಾಡಿದ ಕೆಲಸವೇ ಇಂದು ಕೆಲಸದವರ ಕಾಲಡಿಯ ನೆಲವಾಗಿದ್ದಿತು. ಏಪ್ರಿಲ್ ೨೭ರ ಬೆಳಗ್ಗೆ, ಗೋಪುರವು ೧೬೬ ಅಡಿ ಎತ್ತರ ಮುಟ್ಟಿದ್ದಾಗ, ಹಿಂದಿನ ದಿನ ಹಾಕಿದ ವರಸೆಯು ಕುಸಿಯಿತು. ಕುಸಿತವು ಸುತ್ತಲೂ ಹಬ್ಬಿತು. ಸಾರುವೆಯೊಡನೆ ಬಿದ್ದ ೫೧ ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ಕಾಂಕ್ರೀಟು ಸಾಕಷ್ಟು ಬಲಿಯುವ ಮೊದಲೇ ಅದರ ಮೇಲೆ ಭಾರವನ್ನು ಹೊರಿಸಿದುದೇ ಕಾರಣವೆಂದು ಸರಕಾರದ ಪರೀಕ್ಷಕರು ನಿರ್ಣಯಿಸಿದರು. ಕೆಲವು ಬೋಲ್ಟುಗಳು ಇರಲೇ ಇಲ್ಲ. ಇಳಿಯುವುದಕ್ಕೆ ಇದ್ದುದು ಒಂದೇ ಏಣಿ. ಚಳಿಯಲ್ಲಿ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುವುದೆಂಬುದು ಅಲ್ಲಿ ಯಾರಿಗೂ ತಿಳಿಯದ ವಿಷಯವಲ್ಲ. (ಸಿಮೆಂಟಿಗೆ ಅವಸರವನ್ನು ಕಲಿಸಲಾಗದು.) ಆ ಹಸಿ ವರಸೆಯು ಕೆಲಸದ ದೋಷವೋ ರಕ್ಷಣೆಯ ದೋಷವೋ ಎಂದು ಕೇಳಿದರೆ ಬೇರ್ಪಡಿಸಿ ಹೇಳಲು ಬಾರದು.

ನಮ್ಮ ಮನೆಗಳ ತಾರಸಿಗೂ ಇದೇ ನಿಯಮವು ಸಲ್ಲುವುದು. ಸಾಧಾರಣ ಸಿಮೆಂಟಿನಿಂದ ಹಾಕಿದ, ೪.೫ ಮೀಟರಿನವರೆಗೆ ಹರವುಳ್ಳ ತಾರಸಿಯ ಆಧಾರದ ಕಂಬಗಳನ್ನು ೭ ದಿನ, ಅದಕ್ಕೂ ಮೀರಿದ್ದರೆ ೧೪ ದಿನ ತೆಗೆಯಲಾಗದೆಂದೂ, ೬ ಮೀಟರಿಗೆ ಮೀರಿದ ತೊಲೆಗಳಿಗೆ ೨೧ ದಿನ ಬೇಕೆಂದೂ ಭಾರತೀಯ ಮಾನಕವು ವಿಧಿಸಿದೆ. ಚಳಿ ಹೆಚ್ಚಿದಲ್ಲಿ ಇನ್ನೂ ತಾಳಬೇಕು. ಆದರೆ ಹಲಗೆಯ ಬಾಡಿಗೆ ಉಳಿಯಲೆಂದು ಅವಧಿಗೆ ಮೊದಲೇ ಕಂಬ ಕೀಳಿಸುವವರು ಕೆಲವರು. ಆಗ ಮೊದಲು ಅಪಾಯಕ್ಕೆ ಸಿಲುಕುವವನು ಕೆಳಗೆ ನಿಂತು ಕಂಬ ಕೀಳುವ ಕೂಲಿಯವನು. ತಾರಸಿಯು ಆ ದಿನ ಬೀಳದೆ ಉಳಿದರೂ ಜೋಲುವುದು, ಬಿರಿಯುವುದು, ಮಳೆಗಾಲದಲ್ಲಿ ಸೋರುವುದು. ಸಾರುವೆಯೂ ಹಾಗೆಯೇ. ಅಲುಗಾಡುವ ಹಲಗೆಯ ಮೇಲೆ ನಿಂತ ಗಾರೆಯವನು ಒಂದು ಕೈಯಿಂದ ಗಳುವನ್ನು ಹಿಡಿದು ಇನ್ನೊಂದರಿಂದ ಕರಣೆಯಾಡಿಸುವನು. ಅವನ ದೃಷ್ಟಿ ತೂಗುಗುಂಡಿನ ಮೇಲಿರದೆ ತನ್ನ ಪಾದದ ಮೇಲಿರುವುದು. ಅಂಥ ಗೋಡೆ ನೆಟ್ಟಗಿರುವುದೆಂತು?

ಕರಾರು ಬರೆಯಿಸುವಾಗಲೇ ಹಲಗೆಯ ಬಾಡಿಗೆಯನ್ನು ಪೂರ್ಣಾವಧಿಗೆ ಗೊತ್ತುಮಾಡಿ, ತಾರಸಿ ಹಾಕಿದ ದಿನವನ್ನೂ ಕಂಬ ತೆಗೆಯಬಹುದಾದ ದಿನವನ್ನೂ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಇದ್ದಲಿನಿಂದ ಬರೆಯಿಸುವುದು ಲೇಸು.