ಅಪ್ಪನ ಜೆರ್ಸಿ, ಅಮ್ಮನ ಸಿಟ್ಟು

ಪ್ರಶ್ನೆ: ನನ್ನ ಅಪ್ಪನಿಗೆ 66 ವರ್ಷ. ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕ್ರಿಕೆಟ್ ಆಟಗಾರರ ಹಿಂದೆ ಅಲೆದು ಸಹಿ ಹಾಕಿಸಿಕೊಂಡ ಆಟೋಗ್ರಾಫ್ ಪುಸ್ತಕ ಅವರ ಬಳಿ ಇದೆ. 1974ರ ಸುಮಾರಿನದು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಲ್ಲರ ಸಹಿಯೂ ಇದೆ. ಇತ್ತೀಚೆಗೆ ಫೋನಿನಲ್ಲಿ ಪರಿಚಯವಾದ ವ್ಯಾಪಾರಿಯೊಬ್ಬನಿಂದ ‘ಪಂದ್ಯದಲ್ಲಿ ತೊಟ್ಟದ್ದು’ ಎನ್ನುವ ಜೆರ್ಸಿಗಳನ್ನು, ಸಹಿ ಇರುವ ಬ್ಯಾಟ್‌ಗಳನ್ನು ಕೊಳ್ಳತೊಡಗಿದ್ದಾರೆ. ಮೊನ್ನೆ ಯಾರಿಗೂ ಹೇಳದೆ 60 ಸಾವಿರ ರೂಪಾಯಿಯ ಜೆರ್ಸಿ ತರಿಸಿದರು. ಅಮ್ಮ ಅವರೊಂದಿಗೆ ಮಾತು ಬಿಟ್ಟಿದ್ದಾರೆ. ಬೆವರು ವಾಸನೆ ಎಂದು ಆ ಜೆರ್ಸಿಯನ್ನು ಒಗೆಯಲು ಹೊರಟಿದ್ದರು. ಹಳೇ ಪುಸ್ತಕವನ್ನೂ ರದ್ದಿಗೆ ಹಾಕುತ್ತೇನೆ ಎನ್ನುತ್ತಿದ್ದಾರೆ. ಜೆರ್ಸಿ ಅಸಲಿಯೋ ನಕಲಿಯೋ ಎಂದು ನನಗೂ ಅನುಮಾನ. ಅಪ್ಪನನ್ನು ತಡೆಯಲೇ, ಸುಮ್ಮನಿರಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಆ ಆಟೋಗ್ರಾಫ್ ಪುಸ್ತಕವನ್ನು ರದ್ದಿಯ ಹತ್ತಿರಕ್ಕೂ ಹೋಗಲು ಬಿಡಬೇಡಿ. ರಣಜಿ ಟ್ರೋಫಿಯನ್ನು ಸತತ ಹದಿನೈದು ವರ್ಷ ಗೆದ್ದಿದ್ದ ಬಾಂಬೆ ತಂಡವನ್ನು ಕರ್ನಾಟಕ 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆಯಿತು. ಬಳಿಕ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದಿತು. ನಾಯಕ ಪ್ರಸನ್ನ. ಆ ಕಾಲದಲ್ಲಿ ಒಬ್ಬ ಹುಡುಗ ಆಟಗಾರರ ಎದುರು ತಾನೇ ನಿಂತು, ಪೆನ್ನು ಚಾಚಿ ಪಡೆದ ಸಹಿಗಳಿವು. ಅವು ಅಸಲಿ ಎನ್ನುವುದಕ್ಕೆ ನಿಮ್ಮ ಅಪ್ಪನೇ ಸಾಕ್ಷಿ. ಅಂಥ ಸಾಕ್ಷಿ ಯಾವ ವ್ಯಾಪಾರಿಯ ಬಳಿಯೂ ಸಿಗುವುದಿಲ್ಲ.

ಪುಟಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ತೆಗೆಯುವುದು ಬಹಳ ಕಷ್ಟ. ಶಾಯಿ ಮಾಸಿದೆ ಎಂದು ಸಹಿಯ ಮೇಲೆ ಯಾರೂ ತಿದ್ದಬಾರದು. ಬಿಸಿಲು ಬೀಳುವ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಲೂಬಾರದು. ಬೆಳಕೇ ಶಾಯಿಯ ದೊಡ್ಡ ಶತ್ರು. ನಿಮ್ಮೂರಿನ ಮಳೆಗಾಲದ ತೇವ ಇನ್ನೊಂದು. ಗಾಳಿಯಾಡುವ ಒಣ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ಇಡಿ.

ಇನ್ನು ಜೆರ್ಸಿ. ಅಮ್ಮ ಅದನ್ನು ಒಗೆಯದಿದ್ದದ್ದು ಒಳ್ಳೆಯದೇ ಆಯಿತು. ಅದು ಅಸಲಿಯಾಗಿದ್ದರೆ, ಬೆವರಿನ ಗುರುತು, ಹುಲ್ಲಿನ ಕಲೆ, ಎದ್ದ ದಾರ ಇವೇ ಅದರ ಪುರಾವೆ. ಅಂಗಡಿಯಲ್ಲಿ ಅಭಿಮಾನಿಗಳಿಗೆ ಮಾರುವ ಜೆರ್ಸಿ ಬೇರೆ, ಆಟಗಾರನಿಗೆಂದು ಹೊಲಿದು ಅವನು ತೊಡದೇ ಉಳಿದದ್ದು ಬೇರೆ, ಮೈದಾನದಲ್ಲಿ ತೊಟ್ಟದ್ದೇ ಬೇರೆ. ಮೂರೂ ನೋಡಲು ಹೆಚ್ಚುಕಡಿಮೆ ಒಂದೇ. ಬೆಲೆಯ ಅಂತರ ಮಾತ್ರ ಅಗಾಧ. ಮೋಸ ಹುಟ್ಟುವುದೇ ಆ ಅಂತರದಲ್ಲಿ.

ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್‌ನ ಒಂದು ಜೆರ್ಸಿ 2005ರಲ್ಲಿ 9.4 ಲಕ್ಷ ಡಾಲರಿಗೆ ಹೋಗಿತ್ತು. 2024ರಲ್ಲಿ ಅದೇ ಬಟ್ಟೆ ಸುಮಾರು 2.4 ಕೋಟಿ ಡಾಲರಿಗೆ ಮಾರಾಟವಾಯಿತು. 1932ರ ಒಂದು ಪ್ರಸಿದ್ಧ ಪಂದ್ಯದಲ್ಲಿ ಅವನು ತೊಟ್ಟದ್ದು ಇದನ್ನೇ ಎಂದು ಹಳೆಯ ಫೋಟೋಗಳೊಂದಿಗೆ ಹೋಲಿಸಿ ತಜ್ಞರು ಹೇಳಿದ್ದು ಬೆಲೆ ಅಷ್ಟು ಏರಲು ದೊಡ್ಡ ಕಾರಣ. 1986ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ತೊಟ್ಟಿದ್ದ ಅಂಗಿ 2022ರಲ್ಲಿ ಹರಾಜಿಗೆ ಬಂದಾಗ, ಗೋಲು ಹೊಡೆದಾಗ ಅಪ್ಪ ತೊಟ್ಟಿದ್ದು ಇದಲ್ಲ ಎಂದು ಅವನ ಮಗಳೇ ತಕರಾರು ತೆಗೆದಳು. ಆಗಲೂ ಹರಾಜು ಸಂಸ್ಥೆ ಮುಂದಿಟ್ಟದ್ದು ಫೋಟೋ ಹೋಲಿಕೆಯನ್ನೇ. ಅಂಥವರ ಅಂಗಿಗೇ ಇಷ್ಟು ಪುರಾವೆ ಕೇಳುತ್ತಾರೆಂದರೆ, ಫೋನಿನಲ್ಲಿ ಸಿಕ್ಕ ವ್ಯಾಪಾರಿಯನ್ನು ಕೇಳುವುದರಲ್ಲಿ ಸಂಕೋಚ ಏಕೆ?

ಸಹಿಗಳ ಕಥೆಯೂ ಇದೇ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಟೋನಿ ಗ್ವಿನ್ ಎಂಬ ಬೇಸ್‌ಬಾಲ್ ಆಟಗಾರ ತನ್ನ ತಂಡದ ಅಂಗಡಿಯಲ್ಲೇ ತನ್ನ ಹೆಸರಿನ ನಕಲಿ ಸಹಿಗಳನ್ನು ಕಂಡಿದ್ದ. ಎಫ್‌ಬಿಐ ಆ ಕಾಲದಲ್ಲಿ ಅಲ್ಲಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಭೇದಿಸಿತು. ನಕಲಿ ಮಾಡುವವನು ನೋಡಿಕೊಂಡು ಬರೆಯುವುದರಿಂದ ಗೆರೆ ನಿಧಾನವಾಗಿ, ನಡುಗುತ್ತ ಸಾಗುತ್ತದೆ. ಪೆನ್ನು ನಿಂತಲ್ಲೆಲ್ಲ ಚುಕ್ಕೆ ಮೂಡುತ್ತದೆ. ಇಡೀ ತಂಡದ ಸಹಿ ಇರುವ ಬ್ಯಾಟ್ ಆದರೆ ಅದು ಪೆನ್ನಿನಿಂದ ಬರೆದದ್ದೋ, ಅಚ್ಚು ಹಾಕಿದ್ದೋ ಎಂದು ಭೂತಗನ್ನಡಿ ಹಿಡಿದು ನೋಡಿ.

ಈಗ ಮನೆಯ ಮಾತು. ನಿಮ್ಮ ಅಮ್ಮನ ಸಿಟ್ಟು ಸರಿಯಾಗಿಯೇ ಇದೆ. ಇಬ್ಬರ ಮುಪ್ಪಿಗೆಂದು ಇಟ್ಟ ದುಡ್ಡನ್ನು ಹೇಳದೆ ಖರ್ಚು ಮಾಡಿದ್ದು ತಪ್ಪು, ಹವ್ಯಾಸ ಎಷ್ಟೇ ಚೆಂದದ್ದಾಗಿರಲಿ. ಆದರೆ ಅಪ್ಪನ ಆಸೆಯನ್ನು ‘ಹುಚ್ಚು’ ಎಂದು ತಳ್ಳಿಹಾಕಬೇಡಿ. ಕೆಲಸದ ವರ್ಷಗಳೆಲ್ಲ ಮುಗಿದ ಮೇಲೆ ಅವರ ಮನಸ್ಸು ತಾನು ಅತ್ಯಂತ ಸಂತೋಷವಾಗಿದ್ದ ಜಾಗಕ್ಕೆ ಮರಳಿದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಕಿತ್ತುಕೊಂಡರೆ ಅವರು ಖರೀದಿಯನ್ನು ಇನ್ನಷ್ಟು ಮುಚ್ಚಿಟ್ಟು ಮಾಡುತ್ತಾರೆ, ಅಷ್ಟೇ.

ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಕೇಳಿ: “ಅಪ್ಪಾ, ಮೂಲ ಪತ್ರ ಇಲ್ಲದ ಜಮೀನಿನ ಮೇಲೆ ನೀವು ಯಾವತ್ತಾದರೂ ಸಾಲ ಮಂಜೂರು ಮಾಡಿದ್ದಿರಾ?” ಅವರು ಮಾಡಿರಲಾರರು. ಜೆರ್ಸಿಗೂ ಅದೇ ಲೆಕ್ಕ. ಯಾವ ಪಂದ್ಯ, ಯಾವ ದಿನ, ಆಟಗಾರನ ಕೈಯಿಂದ ಯಾರಿಗೆ ಬಂತು, ಅವರಿಂದ ಯಾರಿಗೆ ಹೋಯಿತು ಎಂಬುದು ಬರಹದಲ್ಲಿರಬೇಕು. ಆ ದಿನದ ಫೋಟೋದಲ್ಲಿ ಅಂಕಿಯ ಅಂಚು, ಲಾಂಛನ ಕೂತ ಜಾಗ, ಕಲೆ ಎಲ್ಲವೂ ಕೈಯಲ್ಲಿರುವ ಬಟ್ಟೆಗೆ ಹೊಂದಬೇಕು. ಮಾರುವವನೇ ಅಚ್ಚು ಹಾಕಿಸಿಕೊಟ್ಟ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ, ಅದರ ಮೇಲೆ ಎಷ್ಟೇ ಹೊಳೆಯುವ ಸ್ಟಿಕರ್ ಇರಲಿ. ಈಗಾಗಲೇ ಕೊಂಡವಕ್ಕೂ ವ್ಯಾಪಾರಿಯಿಂದ ಇದೇ ವಿವರ ತರಿಸಿಕೊಳ್ಳಿ. ಅವನು ನುಣುಚಿಕೊಂಡರೆ ಹಣ ವಾಪಸ್ ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆನ್‌ಲೈನ್ ವಂಚನೆ ಎಂದು ಖಚಿತವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದೆ ಕೊಳ್ಳುವುದಾದರೆ ಪಿಂಚಣಿಯಲ್ಲಿ ಇಂತಿಷ್ಟು ಎಂದು ಅಮ್ಮನೂ ಒಪ್ಪಿದ ಮೊತ್ತದೊಳಗೇ ಆಗಲಿ, ಠೇವಣಿ ಮುಟ್ಟುವುದು ಬೇಡ. ಮತ್ತೊಂದು ಕೆಲಸ ನಿಮ್ಮದು. ಆ ಹಳೆಯ ಪುಸ್ತಕದ ಒಂದೊಂದು ಪುಟಕ್ಕೂ ಯಾವ ಊರು, ಯಾವ ಪಂದ್ಯ, ಆಟಗಾರ ಏನೆಂದ ಎಂದು ಅಪ್ಪನಿಂದ ಕೇಳಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಈ ವಾರವೇ ಶುರುಮಾಡಿ. ಆ ಕಥೆಗಳನ್ನು ಹೇಳಬಲ್ಲವರು ಅಪ್ಪ ಒಬ್ಬರೇ.